ಬೀಡಿ, ತರಕಾರಿ, ಮಂಡಕ್ಕಿ: ಸರ್ಕಾರದ ನಿಯಮಕ್ಕೆ ಸಂವಿಧಾನದ ಗಡಿ ಎಲ್ಲಿದೆ?

ಹಳೇ ದಾವಣಗೆರೆಯ ಓಣಿಗಳಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳು ಇವತ್ತಿಗೂ ಇದ್ದಾರೆ. ಅವರ ಕಸುಬಿಗೂ ನಮ್ಮ ಸಂವಿಧಾನಕ್ಕೂ ಹಳೆಯ ನಂಟಿದೆ. ಕಸುಬಿನ ಮೇಲೆ ಸರ್ಕಾರ ಎಷ್ಟರ ಮಟ್ಟಿಗೆ ಕೈ ಹಾಕಬಹುದು ಅಂತ ಸುಪ್ರೀಂ ಕೋರ್ಟ್ ತನ್ನ ಮೊದಲ ವರ್ಷದಲ್ಲೇ ಬಿಡಿಸಿ ಹೇಳಿದ್ದು ಒಂದು ಬೀಡಿ ಕೇಸಿನಲ್ಲಿ.

ಆ ಕೇಸು ಹುಟ್ಟಿದ್ದು ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿ. ಬೇಸಾಯದ ಹಂಗಾಮಿನಲ್ಲಿ ಜನ ಬೀಡಿ ಕಟ್ಟಲು ಕೂತರೆ ಹೊಲಕ್ಕೆ ಆಳು ಸಿಗುವುದಿಲ್ಲ ಅನ್ನುವುದು ಅಲ್ಲಿನ ಸರ್ಕಾರದ ಚಿಂತೆ. ಅದಕ್ಕಾಗಿ 1948ರಲ್ಲೇ ಒಂದು ಕಾನೂನು ಬಂದಿತ್ತು. ಅದನ್ನು ಹಿಡಿದು 1950ರಲ್ಲಿ ಜಿಲ್ಲಾಧಿಕಾರಿ ಆದೇಶ ಹೊರಡಿಸಿದರು. ಗೊತ್ತುಮಾಡಿದ ಹಳ್ಳಿಗಳಲ್ಲಿ ಹಂಗಾಮು ಮುಗಿಯುವವರೆಗೆ ಯಾರೂ ಬೀಡಿ ಕಟ್ಟುವಂತಿಲ್ಲ, ಯಾರೂ ಕಟ್ಟಿಸುವಂತಿಲ್ಲ. ಒಬ್ಬ ಬೀಡಿ ಮಾಲೀಕ ಮತ್ತು ಒಬ್ಬ ಬೀಡಿ ಕೆಲಸಗಾರ ಸುಪ್ರೀಂ ಕೋರ್ಟಿಗೆ ಹೋದರು. ಚಿಂತಾಮನ್ ರಾವ್ ಪ್ರಕರಣ ಅಂತ ಅದಕ್ಕೆ ಹೆಸರು. ತೀರ್ಪು ಬಂದದ್ದು 1950ರ ನವೆಂಬರ್ 8ರಂದು.

ಸರ್ಕಾರದ ಉದ್ದೇಶ ತಪ್ಪು ಅಂತ ಕೋರ್ಟು ಹೇಳಲಿಲ್ಲ. ಬೆಳೆ ಬೇಕು, ಬೆಳೆಗೆ ಆಳು ಬೇಕು, ಒಪ್ಪಿಕೊಂಡಿತು. ಆದರೆ ಹೊಲದ ಕೆಲಸ ಮಾಡಲು ಆಗದ ಮುದುಕರು, ಅಶಕ್ತರು, ಅಂಗವಿಕಲರು ಆ ಹಳ್ಳಿಗಳಲ್ಲಿ ಇದ್ದರು. ಬೇಸಾಯಕ್ಕೆ ಸಂಬಂಧವೇ ಇಲ್ಲದವರೂ ಇದ್ದರು. ಅವರ ಬೀಡಿ ನಿಲ್ಲಿಸಿದರೆ ಹೊಲಕ್ಕೆ ಒಬ್ಬ ಆಳಾದರೂ ಜಾಸ್ತಿ ಸಿಗುತ್ತಾನಾ? ಹೊಲದ ಕೂಲಿಕಾರರನ್ನು ಮಾತ್ರ ಆ ದಿನಗಳಲ್ಲಿ ಬೀಡಿ ಕೆಲಸಕ್ಕೆ ತೆಗೆದುಕೊಳ್ಳಬೇಡಿ ಅನ್ನಬಹುದಿತ್ತು. ಬೀಡಿ ಕಟ್ಟುವ ಹೊತ್ತು ಇಷ್ಟೇ ಅಂತ ಗೊತ್ತುಮಾಡಬಹುದಿತ್ತು. ಅದೆಲ್ಲ ಬಿಟ್ಟು ಇಡೀ ಊರಿನ ಕಸುಬು ನಿಲ್ಲಿಸಿದ್ದು ಅಗತ್ಯ ಮೀರಿದ ನಿರ್ಬಂಧ ಅಂತ ಹೇಳಿ ಕೋರ್ಟು ಆ ಆದೇಶಗಳನ್ನು ಅಸಿಂಧುಗೊಳಿಸಿತು.

ಇದಕ್ಕೆ ಆಧಾರ ಸಂವಿಧಾನದ 19ನೇ ವಿಧಿ. ಅದರ (1)(ಜಿ) ಉಪವಿಧಿ ಪ್ರತಿ ನಾಗರಿಕನಿಗೂ ಇಷ್ಟಪಟ್ಟ ವೃತ್ತಿ, ಕಸುಬು, ವ್ಯಾಪಾರ ಮಾಡುವ ಹಕ್ಕು ಕೊಡುತ್ತದೆ. ಅದೇ ವಿಧಿಯ (6)ನೇ ಭಾಗ ಜನರ ಹಿತಕ್ಕಾಗಿ ಆ ಹಕ್ಕಿನ ಮೇಲೆ ಸಮಂಜಸವಾದ ನಿರ್ಬಂಧ ಹಾಕಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಆದರೆ ಆ ನಿರ್ಬಂಧ ಕಾನೂನಿನ ಮೂಲಕವೇ ಬರಬೇಕು. ಸಮಂಜಸವೋ ಅಲ್ಲವೋ ಅಂತ ತೂಗುವ ಕೆಲಸ ಕೋರ್ಟಿನದು. ಹೇಗೆ ತೂಗಬೇಕು ಅಂತ 1952ರ ವಿ.ಜಿ. ರಾವ್ ಪ್ರಕರಣ ಹೇಳಿತು. ಯಾವ ಹಕ್ಕಿಗೆ ಪೆಟ್ಟು ಬೀಳುತ್ತಿದೆ, ಯಾವ ಕೆಡುಕನ್ನು ತಡೆಯಲು ಹೊರಟಿದ್ದೀರಿ, ಅದು ಎಷ್ಟು ದೊಡ್ಡದು, ಎಷ್ಟು ತುರ್ತು, ಹಾಕಿದ ನಿರ್ಬಂಧ ಅದಕ್ಕೆ ಮೀರಿದ್ದಾ? ಇವತ್ತಿಗೂ ವಕೀಲರು ಈ ಪ್ರಶ್ನೆಗಳನ್ನೇ ಕೇಳುತ್ತಾರೆ. 2016ರ ಮಾಡರ್ನ್ ಡೆಂಟಲ್ ಕಾಲೇಜ್ ತೀರ್ಪಿನ ನಂತರ ಇನ್ನೊಂದು ಪ್ರಶ್ನೆಗೆ ಒತ್ತು ಹೆಚ್ಚಾಗಿದೆ. ಜನರಿಗೆ ಇದಕ್ಕಿಂತ ಕಡಿಮೆ ತೊಂದರೆ ಕೊಟ್ಟು ಅದೇ ಕೆಲಸ ಸಾಧಿಸಬಹುದಿತ್ತಾ ಅನ್ನುವುದು ಆ ಪ್ರಶ್ನೆ.

ಆ ಮೊದಲ ವರ್ಷಗಳ ಇನ್ನೆರಡು ಕೇಸು ನನಗೆ ತುಂಬಾ ಇಷ್ಟ. ಎರಡೂ ಉತ್ತರ ಪ್ರದೇಶದ ಸಣ್ಣ ಪಟ್ಟಣಗಳವು, ಎರಡರಲ್ಲೂ ಅರ್ಜಿ ಹಾಕಿದವರು ತರಕಾರಿ ಸಗಟು ವ್ಯಾಪಾರಿಗಳು. ಕೈರಾನಾ ಪುರಸಭೆ ಸಗಟು ತರಕಾರಿ ವ್ಯಾಪಾರವನ್ನು ಒಬ್ಬನಿಗೇ ಗುತ್ತಿಗೆ ಕೊಟ್ಟಿತ್ತು. ಬೇರೆಯವರು ಮಾರಬೇಕಾದರೆ ಲೈಸೆನ್ಸ್ ಬೇಕು, ಲೈಸೆನ್ಸ್ ಕೊಡುವ ವ್ಯವಸ್ಥೆಯೇ ಇಲ್ಲ. 1950ರಲ್ಲಿ ಸುಪ್ರೀಂ ಕೋರ್ಟ್ ಇದು ನಡೆಯುವುದಿಲ್ಲ ಅಂದಿತು. ಜಲಾಲಾಬಾದಿನ ಪಟ್ಟಣ ಸಮಿತಿ ತರಕಾರಿ ವ್ಯಾಪಾರಕ್ಕೆ ಶುಲ್ಕ ಹಾಕಿ, ವಸೂಲಿಯನ್ನು ಗುತ್ತಿಗೆದಾರನ ಕೈಗೆ ಒಪ್ಪಿಸಿತ್ತು. ಅಂಥ ಶುಲ್ಕ ಹಾಕುವ ಅಧಿಕಾರವನ್ನು ಕಾನೂನು ನಿಮಗೆ ಕೊಟ್ಟೇ ಇಲ್ಲ ಅಂತ 1952ರಲ್ಲಿ ಕೋರ್ಟು ಹೇಳಿತು. ಅಧಿಕಾರವಿಲ್ಲದೆ ವಸೂಲಿ ಮಾಡುವ ಪ್ರತಿ ಪೈಸೆಯೂ ವ್ಯಾಪಾರದ ಹಕ್ಕಿಗೆ ಅಡ್ಡಿ ಅನ್ನುವುದು ಅದರ ಸಾರ.

ಇವರಲ್ಲಿ ಯಾರೂ ದೊಡ್ಡ ಕಂಪನಿಯವರಲ್ಲ ಅನ್ನುವುದನ್ನು ಗಮನಿಸಿ. ಸಂವಿಧಾನ ಜಾರಿಗೆ ಬಂದು ಎರಡು ವರ್ಷ ಆಗಿತ್ತಷ್ಟೇ. ಸಂತೆಯಲ್ಲಿ ಕೂರುವವರು, ಬೀಡಿ ಕಟ್ಟುವವರು ದೆಹಲಿಗೆ ಹೋಗಿ ಸರ್ಕಾರದಿಂದ ಲೆಕ್ಕ ಕೇಳಿದರು. ಇವತ್ತು ಇದೇ ಹಕ್ಕಿನ ಹೆಸರಿನಲ್ಲಿ ಸುದ್ದಿಯಾಗುವ ಕೇಸುಗಳಲ್ಲಿ ಮಲ್ಟಿಪ್ಲೆಕ್ಸ್, ಆನ್‌ಲೈನ್ ಗೇಮಿಂಗ್ ಕಂಪನಿ, ಖಾಸಗಿ ಶಾಲೆಗಳ ಸಂಘಗಳ ಹೆಸರೇ ಕಾಣುತ್ತದೆ. ಅವರಿಗೂ ಹಕ್ಕಿದೆ, ಅದರಲ್ಲಿ ತಕರಾರಿಲ್ಲ. ಆದರೆ ಈ ಹಕ್ಕಿಗೆ ಅಡಿಪಾಯ ಹಾಕಿದವರ ಕೈಗೇ ಅದು ಎಟುಕದಂತೆ ಆಗಿದೆ. ನನ್ನ ಮುಖ್ಯ ಚಿಂತೆ ಇದೇ.

ಇಂಥ ಕೇಸು ಅಂದ ಕೂಡಲೇ "ಇವರು ನಿಯಮವೇ ಬೇಡ ಅನ್ನುವವರು" ಅಂತ ತಿಳಿಯುವುದುಂಟು. ಅದು ಸರಿಯಲ್ಲ. ಮತ್ತೆ ಬೀಡಿಯನ್ನೇ ತೆಗೆದುಕೊಳ್ಳಿ. ಬೀಡಿ ಕಾರ್ಮಿಕರಿಗಾಗಿ ಸಂಸತ್ತು 1966ರಲ್ಲಿ ಒಂದು ಕಾಯ್ದೆ ತಂದಿತು. ಲೈಸೆನ್ಸ್, ಕೆಲಸದ ಹೊತ್ತು, ರಜೆ, ಮನೆಯಲ್ಲಿ ಕಟ್ಟುವವರಿಗೂ ರಕ್ಷಣೆ ಅದರಲ್ಲಿತ್ತು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿಯಿತು. 1950ರಲ್ಲಿ ಬಿದ್ದ ನಿಯಮ ಕೆಲಸಗಾರನ ಕೂಲಿಯನ್ನೇ ತೆಗೆದಿತ್ತು. 1974ರಲ್ಲಿ ಉಳಿದ ನಿಯಮ ಅವನನ್ನು ಸುಲಿಗೆಯಿಂದ ಕಾಯುವಂಥದ್ದು.

ಎಪಿಎಂಸಿ ಕಥೆಯೂ ಹಾಗೇ. ಮೆಕ್ಕೆಜೋಳದ ಕಾಲದಲ್ಲಿ ದಾವಣಗೆರೆಯ ಯಾರ್ಡಿಗೆ ಬರುವ ರೈತನಿಗೆ ತೂಕ, ದರ, ಕಮಿಷನ್ ಎಷ್ಟು ಮುಖ್ಯ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ವ್ಯಾಪಾರಿ ಲೈಸೆನ್ಸ್ ಪಡೆದು ನಿಗದಿಯಾದ ಮಾರುಕಟ್ಟೆಯಲ್ಲೇ ಕೊಳ್ಳಬೇಕು ಅನ್ನುವ ಮದ್ರಾಸಿನ ಕಾನೂನನ್ನು 1958ರಲ್ಲಿ ಅರುಣಾಚಲ ನಾಡಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಬೆಳೆಗಾರನನ್ನು ದಲ್ಲಾಳಿಯಿಂದ ಕಾಯಲು ಅದು ಬೇಕು ಅಂತ. ಆದರೆ ಪಂಜಾಬಿನಲ್ಲಿ ಮಾರುಕಟ್ಟೆ ಶುಲ್ಕವನ್ನು ನೂರಕ್ಕೆ 2 ರೂಪಾಯಿಯಿಂದ 3ಕ್ಕೆ ಏರಿಸಿದಾಗ 1979ರ ಕೇವಲ್ ಕ್ರಿಶನ್ ಪುರಿ ತೀರ್ಪಿನಲ್ಲಿ ಅದೇ ಕೋರ್ಟು ತಡೆಯಿತು. ಶುಲ್ಕ ಅಂತ ತೆಗೆದುಕೊಂಡ ಮೇಲೆ ಕೊಟ್ಟವನಿಗೆ ಅದಕ್ಕೆ ತಕ್ಕ ಸೇವೆ ಸಿಗಬೇಕು ಅಲ್ವಾ? ಯಾರ್ಡಿನಲ್ಲಿ ನೀರು, ನೆರಳು, ತೂಕದ ಯಂತ್ರ ಕೇಳುವ ರೈತ ಕೇಳುತ್ತಿರುವುದು ಇದನ್ನೇ.

ಕೇಸಿನಿಂದ ಬಿದ್ದ ಕಾನೂನು ಮತ್ತೆ ಗಟ್ಟಿಯಾಗಿ ಎದ್ದು ಬಂದದ್ದಕ್ಕೂ ಉದಾಹರಣೆ ಇದೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಮನೆಗಳಿಗೆ ಇದು ಬರೀ ಕಾನೂನಿನ ಮಾತಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಕೈಗಾರಿಕಾ ವಿವಾದ ಕಾಯ್ದೆಗೆ 25-ಓ ಅನ್ನುವ ಸೆಕ್ಷನ್ ಸೇರಿತು. ದೊಡ್ಡ ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕು. ಅನುಮತಿ ಕೊಡದಿದ್ದರೆ ಯಾಕೆ ಅಂತ ಸರ್ಕಾರ ಹೇಳಬೇಕಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಎಕ್ಸೆಲ್ ವೇರ್ ಅನ್ನುವ ಬಾಂಬೆಯ ಉಡುಪು ಕಾರ್ಖಾನೆ ಕೋರ್ಟಿಗೆ ಹೋಯಿತು, 1978ರಲ್ಲಿ ಸೆಕ್ಷನ್ ಬಿದ್ದುಹೋಯಿತು. ಕಾರ್ಮಿಕರ ಪಾಲಿಗೆ ಅದು ಸೋಲಿನಂತೆ ಕಂಡಿರಬಹುದು. ಆದರೆ ಸಂಸತ್ತು 1982ರಲ್ಲಿ ಅದನ್ನೇ ತಿದ್ದಿ ಬರೆಯಿತು. ಎರಡೂ ಕಡೆಯವರ ಮಾತು ಕೇಳಬೇಕು, ಕಾರಣ ಬರೆದು ಕೊಡಬೇಕು, 60 ದಿನದಲ್ಲಿ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆ, ಆದೇಶವನ್ನು ಮರುಪರಿಶೀಲಿಸಲು ದಾರಿಯೂ ಇರಬೇಕು. ಈ ಹೊಸ ರೂಪವನ್ನು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು. ಮೊದಲ ಕೇಸು ನಡೆಯದೇ ಇದ್ದಿದ್ದರೆ ಕಾರಣ ಹೇಳದ ಆ ಕಾನೂನೇ ಉಳಿಯುತ್ತಿತ್ತು.

ಈಗಿನ ಕೇಸುಗಳಿಗೆ ಬರೋಣ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ, ತೆರಿಗೆ ಬಿಟ್ಟು, 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳ 23ರಂದು ತಡೆಯಾಜ್ಞೆ ಬಂತು. ಸಿನಿಮಾ ಪ್ರೇಮಿಗಳಿಗೆ ಬೇಸರವಾಗಿದ್ದು ಸಹಜ. ಆದರೆ ತಡೆಯಾಜ್ಞೆ ಅಂದರೆ ಪೂರ್ತಿ ತೀರ್ಪಲ್ಲ. ಅಲ್ಲಿ ಎದ್ದ ಮುಖ್ಯ ಪ್ರಶ್ನೆ ಟಿಕೆಟ್ ಅಗ್ಗವಾಗಬೇಕಾ ಅನ್ನುವುದಲ್ಲ. 1964ರ ಸಿನಿಮಾ ನಿಯಂತ್ರಣ ಕಾಯ್ದೆ ದರ ನಿಗದಿ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆಯಾ ಅನ್ನುವುದು. ಜಲಾಲಾಬಾದಿನ ತರಕಾರಿ ವ್ಯಾಪಾರಿ ಕೇಳಿದ ಪ್ರಶ್ನೆಯೂ ಇದೇ ಜಾತಿಯದು. ಕಾಯ್ದೆಯಲ್ಲಿ ಅಧಿಕಾರ ಇಲ್ಲದಿದ್ದರೆ ಶಾಸನಸಭೆಗೆ ಹೋಗಿ ಪಡೆದುಕೊಳ್ಳಬೇಕು. ಅಲ್ಲಿ ಚರ್ಚೆಯಾಗುತ್ತದೆ, ನಮ್ಮ ಶಾಸಕ ಏನಂದ ಅಂತ ನಮಗೆ ಗೊತ್ತಾಗುತ್ತದೆ.

ಆನ್‌ಲೈನ್ ಗೇಮಿಂಗ್ ಇನ್ನೂ ಕಷ್ಟದ ವಿಷಯ. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ ಅಂತ 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರಲ್ಲಿ ಕೇಂದ್ರವೇ ನಿಷೇಧದ ಕಾನೂನು ತಂದಿತು, ಅದನ್ನು ಪ್ರಶ್ನಿಸಿದ ಅರ್ಜಿಗಳು ಈಗ ಸುಪ್ರೀಂ ಕೋರ್ಟಿನ ಅಂಗಳದಲ್ಲಿವೆ. ಮೊಬೈಲಿನಲ್ಲಿ ದುಡ್ಡು ಕಳೆದುಕೊಂಡು ಸಾಲಕ್ಕೆ ಬಿದ್ದ ಹುಡುಗರ ಮನೆಯವರ ಸಂಕಟ ದೊಡ್ಡದು. ಕಂಪನಿಗಳ ವಾದದ ಮುಂದೆ ಆ ಸಂಕಟಕ್ಕೆ ಸರಿಯಾದ ತೂಕ ಸಿಗಬೇಕು ಅನ್ನುವುದು ನನ್ನ ಆಸೆ. ಆ ತೂಕ ತರಬೇಕಾದದ್ದು ಸರ್ಕಾರ, ದಾಖಲೆಗಳ ಮೂಲಕ. ಬರೀ ಭಾವನೆಯ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

ಕನ್ನಡಿಗನಾಗಿ ನನಗೆ ಅತಿ ಹೆಚ್ಚು ನೋವು ಕೊಟ್ಟ ತೀರ್ಪು 2014ರ ಮೇ 6ರದು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅನ್ನುವ 1994ರ ಭಾಷಾ ನೀತಿಯನ್ನು ಖಾಸಗಿ ಶಾಲೆಗಳು ಪ್ರಶ್ನಿಸಿದ್ದವು. ಮಾಧ್ಯಮ ಆರಿಸುವ ಹಕ್ಕು ಮಗುವಿನ ಪರವಾಗಿ ಪೋಷಕರಿಗಿದೆ, ಶಾಲೆ ನಡೆಸುವ ಹಕ್ಕಿನಲ್ಲಿ ಮಾಧ್ಯಮದ ಆಯ್ಕೆಯೂ ಸೇರಿದೆ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಗು ತನ್ನ ಮಾತಿನಲ್ಲೇ ಚೆನ್ನಾಗಿ ಕಲಿಯುತ್ತದೆ ಅನ್ನುವುದನ್ನು ನಾನು ಇವತ್ತಿಗೂ ನಂಬುತ್ತೇನೆ. ಆದರೂ ಆ ತೀರ್ಪಿನ ಹಿಂದಿರುವ ತತ್ವವನ್ನು ತೆಗೆದುಹಾಕಿ ಅನ್ನಲು ನನ್ನಿಂದ ಆಗುವುದಿಲ್ಲ. ನಮಗೆ ಇಷ್ಟವಾದ ನಿಯಮಕ್ಕೆ ಮಾತ್ರ ಈ ಪರೀಕ್ಷೆ ಬೇಡ ಅಂದರೆ, ನಾಳೆ ನಮಗೆ ಬೇಡವಾದ ನಿಯಮ ಬಂದಾಗ ಯಾವ ಬಾಯಿಂದ ಕೇಳೋಣ? ರಾಜ್ಯ ಮುಂದೆ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ತಂದಿತು. ಮಾಧ್ಯಮ ಯಾವುದಾದರೂ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲರೂ ಕಲಿಯಲಿ ಅನ್ನುವುದು ಅದರ ದಾರಿ. ಅದನ್ನೂ ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೆ ಮೊದಲಿಗಿಂತ ಹದವಾದ ನಿಯಮ ಇದು, ಅದನ್ನು ಸಮರ್ಥಿಸುವುದು ಸುಲಭ.

ಇನ್ನು ನಮ್ಮೂರಿನ ಒಂದು ಊಹೆಯ ಉದಾಹರಣೆ ತೆಗೆದುಕೊಂಡು ಈ ಪರೀಕ್ಷೆಯನ್ನು ನೋಡೋಣ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ರಾಜ್ಯಕ್ಕೇ ಗೊತ್ತು. ಭಟ್ಟಿಯಲ್ಲಿ ದುಡಿಯುವವರೂ ಬಡವರು, ಹೊಗೆ ಕುಡಿಯುವ ಅಕ್ಕಪಕ್ಕದವರೂ ಬಡವರು. ನಾಳೆ ಬೆಳಗ್ಗೆ "ಎಲ್ಲ ಭಟ್ಟಿಗಳನ್ನು ಮುಚ್ಚಿ" ಅಂತ ಒಂದು ಆದೇಶ ಬಂತು ಅಂದುಕೊಳ್ಳಿ.

ಮೊದಲು ನೋಡಬೇಕಾದದ್ದು ಆದೇಶ ಯಾರದ್ದು, ಯಾವ ಕಾನೂನಿನ ಯಾವ ಸೆಕ್ಷನ್ನಿನಲ್ಲಿ ಅಂತ. ವಾಯುಮಾಲಿನ್ಯ ತಡೆಯುವ 1981ರ ಕಾಯ್ದೆಯ 31-ಎ ಸೆಕ್ಷನ್ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮುಚ್ಚಿಸುವ ಅಧಿಕಾರ ಕೊಡುತ್ತದೆ. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಾದರೆ ಅದು ಕಾನೂನೇ ಅಲ್ಲ. ನಂತರ, ಮಾಲೀಕನಿಗೆ ನೋಟಿಸ್ ಕೊಟ್ಟು ಆಕ್ಷೇಪ ಕೇಳಿದ್ದಾರಾ? ತೀರಾ ತುರ್ತು ಇದ್ದರೆ ಬೇರೆ ಮಾತು. ಆಮೇಲೆ ಕೆಡುಕಿನ ಮೂಲ ಯಾವುದು ಅನ್ನುವ ಪ್ರಶ್ನೆ. ಹೊಗೆ ಬರುವುದು ಕೆಟ್ಟ ಉರುವಲಿನಿಂದ ಅಂತಾದರೆ ಆ ಉರುವಲನ್ನು ನಿಷೇಧಿಸಬಹುದು. ಚಿಮಣಿ ಎತ್ತರ ಮಾಡಿಸಬಹುದು, ಒಲೆ ಬದಲಿಸಲು ಗಡುವು ಮತ್ತು ಸಹಾಯ ಕೊಡಬಹುದು, ಬೇರೆ ಜಾಗ ತೋರಿಸಬಹುದು. ಇಷ್ಟೆಲ್ಲ ಇದ್ದೂ ಸರಿಯಾಗಿ ನಡೆಸುವ ಭಟ್ಟಿಯನ್ನೂ ಸೇರಿಸಿ ಬೀಗ ಹಾಕಿದರೆ ಚಿಂತಾಮನ್ ರಾವ್ ತೀರ್ಪು ಅಡ್ಡ ಬರುತ್ತದೆ. ಗಡುವು ಕೊಟ್ಟರೂ, ಸಹಾಯ ಕೊಟ್ಟರೂ ಹೊಗೆ ನಿಲ್ಲಿಸದ ಭಟ್ಟಿಗೆ ಆ ತೀರ್ಪಿನ ಆಸರೆ ಇಲ್ಲ. ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳ ಕೇಸಿನಲ್ಲಿ, ಕನಿಷ್ಠ ಶುದ್ಧೀಕರಣವನ್ನೂ ಮಾಡಲಾಗದಿದ್ದರೆ ಮುಚ್ಚಲೇಬೇಕು ಅಂತ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಪಕ್ಕದ ಮನೆಯ ಮಗುವಿಗೂ, ಜೀವಿಸುವ ಹಕ್ಕು ಕೊಡುವ 21ನೇ ವಿಧಿಯ ಕೆಳಗೆ ಉಸಿರಾಡುವ ಹಕ್ಕಿದೆ.

ಆರೋಗ್ಯದ ವಿಷಯದಲ್ಲಿ ಕೋರ್ಟುಗಳು ಸರ್ಕಾರಕ್ಕೆ ಜಾಸ್ತಿ ಸಡಿಲ ಕೊಡುತ್ತವೆ. ತಂಬಾಕು ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅನ್ನುವ ನಿಯಮ ಬೀಡಿ ಕಟ್ಟಿಗೂ ಅನ್ವಯಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ನಿಯಮ ಮಾಡದೆ ಸುಮ್ನೆ ಕೂತ ಸರ್ಕಾರವನ್ನೂ ಕೋರ್ಟಿಗೆ ಎಳೆಯಬಹುದು. ಇದಕ್ಕೆ ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಬೇಡ. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೂಡಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. 2013ರಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಹೆಚ್ಚು ಅಕ್ರಮ ಎಸಗಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಆ ನಿಲುಗಡೆಯಲ್ಲಿ ಲಾರಿ ಚಾಲಕರು, ಗಣಿ ಕೂಲಿಗಳು ಕೆಲಸ ಕಳೆದುಕೊಂಡರು. ಹೊತ್ತಿಗೆ ಸರಿಯಾಗಿ ಸರ್ಕಾರ ತನ್ನ ಕೆಲಸ ಮಾಡಿದ್ದರೆ ಅವರಿಗೆ ಆ ಕಷ್ಟ ಬರುತ್ತಿರಲಿಲ್ಲ.

ಬೀದಿ ವ್ಯಾಪಾರಿಗಳ ಮಟ್ಟಿಗೆ ಕೋರ್ಟಿನ ದಾರಿ ಕೊನೆಗೆ ಒಂದು ಕಾನೂನಾಗಿಯೇ ಬಂತು. ರಸ್ತೆ ಬದಿಯ ವ್ಯಾಪಾರವೂ 19(1)(ಜಿ) ಹಕ್ಕಿನೊಳಗೆ ಬರುತ್ತದೆ, ಅದನ್ನು ನಿಯಂತ್ರಿಸಬಹುದು ಅಂತ 1989ರ ಸೋದನ್ ಸಿಂಗ್ ತೀರ್ಪು ಹೇಳಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ದಾವಣಗೆರೆಯ ಗಡಿಯಾರ ಕಂಬದ ಸುತ್ತ, ಕೆ.ಆರ್. ಮಾರ್ಕೆಟ್ ಬಳಿ, ಚಿತ್ರದುರ್ಗದ ಸಂತೆ ಹೊಂಡದ ಕಡೆ ಗಾಡಿ ಇಡುವ ಪ್ರತಿಯೊಬ್ಬರ ಜೇಬಿನಲ್ಲೂ ಈ ನಾಲ್ಕು ಮಾತು ಬರೆದ ಚೀಟಿ ಇರಬೇಕು ಅಂತ ನನಗೆ ಅನಿಸುತ್ತದೆ.

ಹಕ್ಕು ಇದ್ದರೂ ಕೋರ್ಟು ದೂರ. ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಘೋಷಿಸುವ ಅಧಿಕಾರ ದಾವಣಗೆರೆಯ ಸಿವಿಲ್ ಕೋರ್ಟಿಗಾಗಲಿ ಜಿಲ್ಲಾ ಕೋರ್ಟಿಗಾಗಲಿ ಇಲ್ಲ. ಅಂಥ ಪ್ರಶ್ನೆ ಎದ್ದರೆ ಅವು ಹೈಕೋರ್ಟಿಗೆ ಕಳಿಸಬೇಕು. ಸರ್ಕಾರದ ಆದೇಶವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಯನ್ನು 226ನೇ ವಿಧಿಯಡಿ ಹಾಕಬೇಕಾದರೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು ಹೋಗಬೇಕಾದದ್ದು ಬೆಂಗಳೂರಿಗೆ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಅದು ಹಾವೇರಿ ಜಿಲ್ಲೆ, ಅಲ್ಲಿನವರಿಗೆ ಧಾರವಾಡ ಪೀಠ ಇದೆ. ಹೊಳೆಯ ಈಚೆ ದಡದಲ್ಲಿರುವ ಹರಿಹರದವರು ಹೆಚ್ಚುಕಡಿಮೆ ಎರಡರಷ್ಟು ದೂರ ಬೆಂಗಳೂರಿಗೆ ಹೋಗಬೇಕು. ವಕೀಲರ ಫೀಸು, ಬಸ್ಸು, ಒಂದು ದಿನದ ಕೂಲಿ ಎಲ್ಲ ಸೇರಿದರೆ ಸಣ್ಣವರು ದಂಡ ಕಟ್ಟಿ ಸುಮ್ಮನಾಗುತ್ತಾರೆ. ಹೀಗೆ ಕೋರ್ಟಿಗೆ ಹೋಗದೇ ಉಳಿದ ಎಷ್ಟು ಆದೇಶಗಳು ಕಾನೂನಿನ ಬಲವೇ ಇಲ್ಲದೆ ನಡೆದುಹೋದವೋ!

ಆದ್ದರಿಂದ ಒಬ್ಬೊಬ್ಬರೇ ಹೋಗುವುದಕ್ಕಿಂತ ಸಂಘವಾಗಿ ಹೋಗುವುದು ಒಳ್ಳೆಯದು. ಭಟ್ಟಿ ಮಾಲೀಕರೂ ಕೆಲಸಗಾರರೂ ಒಂದೇ ಅರ್ಜಿಯಲ್ಲಿ ಸೇರಬಹುದು, ಸಾಗರ ಜಿಲ್ಲೆಯ ಬೀಡಿ ಮಾಲೀಕ ಮತ್ತು ಕೆಲಸಗಾರನಂತೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದೆ. ಆದೇಶವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ನೋಟಿಸ್ ಬಂದರೆ ಗಡುವಿನೊಳಗೆ ಉತ್ತರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಯಾವ ಸೆಕ್ಷನ್, ಯಾವ ವರದಿಯ ಆಧಾರ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಮೇಲ್ಮನವಿಯ ದಾರಿ ಇರುವಾಗ ನೇರವಾಗಿ ಬಂದರೆ ಹೈಕೋರ್ಟ್ ಸಾಮಾನ್ಯವಾಗಿ ವಾಪಸ್ ಕಳಿಸುತ್ತದೆ. ಆದರೆ ಮೂಲಭೂತ ಹಕ್ಕಿನ ಪ್ರಶ್ನೆ ಇದ್ದರೆ, ಮಾತು ಕೇಳದೆ ಆದೇಶ ಮಾಡಿದ್ದರೆ, ಅಧಿಕಾರವೇ ಇಲ್ಲದೆ ಮಾಡಿದ್ದರೆ ನೇರವಾಗಿ ಬರಬಹುದು ಅಂತ 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದುಡ್ಡಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರು ತಮ್ಮ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಹೈಕೋರ್ಟಿನ ಕೇಸಿಗೂ ಇದು ಅನ್ವಯಿಸುತ್ತದೆ, ಅದಕ್ಕೆ ಅಲ್ಲಿ ಪ್ರತ್ಯೇಕ ಸಮಿತಿ ಇದೆ. ಹಳೇ ದಾವಣಗೆರೆಯ ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ತನ್ನ ಕಸುಬಿಗೆ ಅಡ್ಡಬಂದ ಆದೇಶವನ್ನು ಪ್ರಶ್ನಿಸಬೇಕು ಅಂದರೆ, ಊರಿನ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ ಅರ್ಜಿ ಕೊಡುವುದರಿಂದ ಶುರು ಮಾಡಬಹುದು.